ಬ್ರೂಸ್ ಲೀ ಒದ್ದ ಬೋರ್ಡು

ಹಾಸ್ಟೆಲಿನ ಊಟದ ತಟ್ಟೆಗೆ ಇನ್ನೊಂದು ಉಪಯೋಗವಿದೆ. ತೊಳೆದು ಗೋಡೆಗೆ ಒರಗಿಸಿ ಅದರ ಮುಂದೆ ಮೊಬೈಲು ಇಟ್ಟರೆ ಅದೇ ನಮ್ಮ ಟಾಕೀಸು. ಎಂಟು ಜನ ನೆಲದ ಮೇಲೆ ಬೋರಲು ಮಲಗಿ ನೋಡಬಹುದು. ಬ್ರೂಸ್ ಲೀ ಕೂಗಿದರೆ ತಟ್ಟೆಯೂ ಝಲ್ಲೆನ್ನುತ್ತದೆ.

ಈ ತಟ್ಟೆಯ ಮುಂದೆ ನಮ್ಮ ರೂಮಿನಲ್ಲಿ ಒಂದು ರಾತ್ರಿ ದೊಡ್ಡ ಜಗಳವಾಯಿತು. ಬ್ರೂಸ್ ಲೀ ದೊಡ್ಡವನೋ, ಜಾಕಿ ಚಾನ್ ದೊಡ್ಡವನೋ ಎಂಬುದೇ ಜಗಳ. ಮುದ್ದೆ ಉಂಡು ಹತ್ತು ಗಂಟೆಗೆ ಶುರುವಾದದ್ದು ಎರಡಾದರೂ ಮುಗಿಯಲಿಲ್ಲ. ಹುಣಸೂರು ಕಡೆಯ ಗೆಳೆಯನೂ ಕೊಳ್ಳೇಗಾಲದ ಕಡೆಯ ಗೆಳೆಯನೂ ಮೂರು ದಿನ ಮಾತು ಬಿಟ್ಟರು. ಒಳಮೀಸಲಾತಿಯ ವಿಷಯಕ್ಕೂ ಹೀಗೆ ಮಾತು ಬಿಟ್ಟವರಲ್ಲ ಇವರು.

ಇದನ್ನು ಕೇಳಿ ಸಂಘಟನೆಯ ಹಿರಿಯರೊಬ್ಬರು ನಮ್ಮನ್ನು ಚೆನ್ನಾಗಿ ಬೈದರು. "ಬಾಬಾಸಾಹೇಬರ ಫೋಟೋ ಕೆಳಗೆ ಕೂತ್ಕಂಡು ಹಾಂಕಾಂಗಿನವರ ಹೊಡೆದಾಟ ನೋಡ್ತೀರಲ್ರೋ, ನಿಮಗೆ ಬೇರೆ ಕೆಲ್ಸ ಇಲ್ವಾ" ಅಂದರು. ಕೆಲಸ ಇತ್ತು. ಪರೀಕ್ಷೆಯೂ ಇತ್ತು. ಆದರೂ ಅವತ್ತಿನ ಜಗಳದಲ್ಲಿ ನಮ್ಮ ಬಾಯಿಂದ ಒಂದು ಮಾತು ಹೊರಬಿತ್ತು. ಅದನ್ನು ಆರೇಳು ವರ್ಷದಿಂದ ನಾವು ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇವೆ.

'ನಾವು' ಎಂದರೆ ಮೂವರು. ಒಂದೇ ಕೇರಿಯವರು. ನಮ್ಮ ಮನೆಗಳಲ್ಲಿ ಡಿಗ್ರಿ ಮಾಡಿದವರಲ್ಲಿ ನಾವೇ ಮೊದಲಿಗರು. ಒಬ್ಬರಿಗೆ ಕವಿತೆ ಬರೆಯುವ ಚಟವಿದೆ. ಈ ಬರಹ ಅವರ ಕೈದು, ಮಾತು ಮೂವರದು.

ಈ ಪಿಚ್ಚರುಗಳು ನಮ್ಮಂಥವರ ತನಕ ಹೇಗೆ ಬಂದವು ಎಂಬುದೇ ಒಂದು ಕತೆ. ಅಪ್ಪಂದಿರು ಟೆಂಟಿನಲ್ಲಿ ನೋಡಿದ್ದರು. ಅವರ ಕಾಲಕ್ಕೆ ಕ್ಷೌರದಂಗಡಿಯ ಗೋಡೆಯ ಮೇಲೆ ಬ್ರೂಸ್ ಲೀ ಅಂಗಿ ಬಿಚ್ಚಿ ನಿಂತಿರುತ್ತಿದ್ದನಂತೆ. ಆ ಅಂಗಡಿಯೊಳಗೆ ಅಪ್ಪಂದಿರು ಕೂರುವಂತಿರಲಿಲ್ಲ, ಪಟವನ್ನು ಬಾಗಿಲಾಚೆಯಿಂದ ನೋಡಿಕೊಂಡು ಬರುತ್ತಿದ್ದರು. ನಮ್ಮ ಕಾಲಕ್ಕೆ ಸೀಡಿ ಬಂತು, ಆಮೇಲೆ ಮೆಮೊರಿ ಕಾರ್ಡು, ಜಿಯೋ ಬಂದ ಮೇಲೆ ಯೂಟ್ಯೂಬು. ಕನ್ನಡಕ್ಕೆ ಡಬ್ಬಿಂಗ್ ಬಹಳ ಕಾಲ ಬಾರದೇ ಇದ್ದುದರಿಂದ ನಮಗೆ ಬ್ರೂಸ್ ಲೀ ಮಾತಾಡಿದ್ದು ತಮಿಳಿನಲ್ಲಿ, ಹಿಂದಿಯಲ್ಲಿ. ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯುವ ಅಗತ್ಯವೂ ಬೀಳಲಿಲ್ಲ. ಬಡವ ಯಾರು, ದಣಿ ಯಾರು, ಏಟು ಯಾರಿಗೆ ಬೀಳಬೇಕು ಎಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಮ್ಮವರೇ ಆದ 'ಕರಾಟೆ ಕಿಂಗ್' ಶಂಕರ್‌ನಾಗ್ 1990ರಲ್ಲೇ ತೀರಿಕೊಂಡರು. ನಾವು ಹುಟ್ಟಿದ್ದು ಅದಾದ ಹತ್ತು ವರ್ಷಕ್ಕೆ. ಆಟೋಗಳ ಹಿಂದೆ ಅವರ ಮುಖ ನೋಡಿಕೊಂಡೇ ಬೆಳೆದೆವು.

ಈಗ ಜಗಳಕ್ಕೆ ಬರೋಣ.

ಹುಣಸೂರಿನವನು ಜಾಕಿ ಪಾರ್ಟಿ. ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿ ಫೀಸು ಕಟ್ಟಿಕೊಂಡವನು, ಒಮ್ಮೆ ಸಾರುವೆ ಮೇಲಿಂದ ಬಿದ್ದು ಕೈ ಮುರಿದುಕೊಂಡವನು. ಅವನ ವಾದ ಬಹಳ ಗಟ್ಟಿಯಾಗಿತ್ತು. "ನಿಮ್ಮ ಬ್ರೂಸ್ ಲೀ ದೇವ್ರು ಕಣ್ರಲಾ. ಏಟೇ ಬೀಳಲ್ಲ ಅವನ್ಗೆ. ಜಾಕಿ ಹಂಗಲ್ಲ. ಕೂಲಿಯವ್ನು. ಕೈಗೆ ಏನು ಸಿಕ್ತದೋ ಅದ್ರಲ್ಲೇ ಹೊಡಿತಾನೆ. ಏಣಿ, ಕುರ್ಚಿ, ಬೆಂಚು, ಸೈಕಲ್ಲು. ನಮ್ಮತ್ರ ಇರೋದೂ ಅವೇ ತಾನೆ?" 1983ರ 'ಪ್ರಾಜೆಕ್ಟ್ ಎ'ಯಲ್ಲಿ ಗಡಿಯಾರದ ಗೋಪುರದ ಮುಳ್ಳಿಗೆ ಜೋತುಬಿದ್ದು ಜಾಕಿ ಕೆಳಗೆ ಬೀಳುತ್ತಾನಲ್ಲ, ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದ. 1985ರ 'ಪೊಲೀಸ್ ಸ್ಟೋರಿ'ಯಲ್ಲಿ ದೀಪದ ಸರ ಸುತ್ತಿದ ಕಂಬ ಹಿಡಿದು ಅಂಗಡಿ ಸಮುಚ್ಚಯದ ಮೇಲಿನಿಂದ ಜಾರುವುದನ್ನೂ ತೋರಿಸಿದ. 1986ರ 'ಆರ್ಮರ್ ಆಫ್ ಗಾಡ್' ಶೂಟಿಂಗಿನಲ್ಲಿ ಯುಗೊಸ್ಲಾವಿಯಾದಲ್ಲಿ ಮರದಿಂದ ಬಿದ್ದು ತಲೆಬುರುಡೆಯೇ ಒಡೆದಿತ್ತು ಅಂದ. ಪಿಚ್ಚರು ಮುಗಿದ ಮೇಲೆ ಜಾಕಿ ತಾನು ತಪ್ಪಿ ಬಿದ್ದ ಚೂರುಗಳನ್ನೆಲ್ಲ ಜೋಡಿಸಿ ತೋರಿಸುತ್ತಾನೆ. "ಯಾವ ಹೀರೋ ತೋರಿಸ್ತಾನೆ ಹೇಳ್ಲಾ, ಇಕೊ ಇಲ್ಲಿ ನಂಗೆ ನೋವಾಯ್ತು ಅಂತ?" ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಬಾಗಿಲ ಬಳಿ ಕೂತಿದ್ದ ಇನ್ನೊಬ್ಬನದು ಬೇರೆಯೇ ದಾರಿ. 'ಶಾಲಿನ್‌ನ 36ನೇ ಕೋಣೆ'ಯ ಮುಂದೆ ಈ ಎರಡೂ ಮಕ್ಕಳಾಟ ಅಂದ. 1978ರ ಶಾ ಬ್ರದರ್ಸ್ ಪಿಚ್ಚರು, ಲೌ ಕಾರ್ ಲ್ಯೂಂಗ್ ನಿರ್ದೇಶನ, ಗಾರ್ಡನ್ ಲ್ಯೂ ನಾಯಕ. ಅದರಲ್ಲಿ ಹೊಡೆದಾಟಕ್ಕಿಂತ ಕಲಿಕೆಯೇ ಹೆಚ್ಚು. ಮಠಕ್ಕೆ ಸೇರಿದ ಹುಡುಗ ಕೈ ಚಾಚಿ ನೀರಿನ ಬಕೆಟ್ಟು ಹೊರುತ್ತಾನೆ, ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿದರೆ ಪಕ್ಕೆಗೆ ಚುಚ್ಚುತ್ತದೆ. ಇದನ್ನು ನೋಡಿ ರೂಮಿನಲ್ಲಿ ಒಬ್ಬ, "ನಮ್ಮವ್ವಂದಿರು ಊರಾಚೆ ಬಾವಿಯಿಂದ ನಲವತ್ತು ವರ್ಷ ಹೊತ್ತವ್ರೆ, ಅವರಿಗ್ಯಾರೂ ಕರಿ ಬೆಲ್ಟು ಕೊಡ್ಲಿಲ್ಲ" ಅಂದ. ಎಲ್ಲ ನಕ್ಕರು. ನಗು ಬೇಗ ನಿಂತಿತು. ಆ ಮಠದಲ್ಲಿ ಇರುವುದು ಮೂವತ್ತೈದು ಕೋಣೆ. ಎಲ್ಲವನ್ನೂ ದಾಟಿದ ಹುಡುಗನಿಗೆ ಬೇಕಾದ ಕೋಣೆಯ ಉಸ್ತುವಾರಿ ಕೊಡುತ್ತೇವೆ ಎಂದರೆ ಅವನು ಮೂವತ್ತಾರನೆಯದನ್ನು ಕೇಳುತ್ತಾನೆ. ಹೊರಗಿನ ಸಾಮಾನ್ಯ ಜನಕ್ಕೆ ವಿದ್ಯೆ ಕಲಿಸುವ ಕೋಣೆ ಅದು. ವಿದ್ಯೆ ಹೊರಗೆ ಹೋಗಕೂಡದು ಎಂಬುದು ಮಠದ ನಿಯಮ. ನಮ್ಮಲ್ಲಾದರೆ ಕೇಳಿದವನ ಹೆಬ್ಬೆಟ್ಟು ಹೋಗುತ್ತಿತ್ತು. ಪಿಚ್ಚರಿನಲ್ಲಿ ಶಿಕ್ಷೆಯ ನೆಪ ಮಾಡಿ ಅವನನ್ನು ಹೊರಗೆ ಕಳಿಸುತ್ತಾರೆ, ಅವನು ಅಲ್ಲೇ ಜನರನ್ನು ಕೂಡಿಸಿಕೊಳ್ಳುತ್ತಾನೆ. ಮೇಷ್ಟ್ರುಗಳು ಇದನ್ನೊಮ್ಮೆ ನೋಡಬೇಕು.

ಕೊಳ್ಳೇಗಾಲದವನಿಗೆ ಇದ್ಯಾವುದೂ ನಾಟಲಿಲ್ಲ. ಅವನು ಬ್ರೂಸ್ ಲೀ ಭಕ್ತ. 1940ರಲ್ಲಿ ಹುಟ್ಟಿ 1973ರ ಜುಲೈ 20ರಂದು ಮೂವತ್ತೆರಡನೇ ವಯಸ್ಸಿಗೆ ತೀರಿಕೊಂಡವನ ಬಗ್ಗೆ ಮಾತಾಡುವಾಗ ಅವನ ಗಂಟಲು ಈಗಲೂ ಕಟ್ಟುತ್ತದೆ. ಅವನು ಮೊದಲು ಎತ್ತಿಕೊಂಡದ್ದು 1971ರ 'ದಿ ಬಿಗ್ ಬಾಸ್'. ಥಾಯ್ಲೆಂಡಿಗೆ ದುಡಿಯಲು ಹೋದ ಹುಡುಗ, ಐಸು ಫ್ಯಾಕ್ಟರಿ, ಐಸಿನ ಗಡ್ಡೆಯೊಳಗೆ ಮಾದಕ ವಸ್ತು. ಜಗಳಕ್ಕೆ ಹೋಗುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟು ಬಂದಿರುತ್ತಾನೆ. ಬಹಳ ಹೊತ್ತು ಕೈ ಎತ್ತುವುದೇ ಇಲ್ಲ. ನಮ್ಮವ್ವಂದಿರೂ ಕಾಲೇಜಿಗೆ ಕಳಿಸುವಾಗ ಅದನ್ನೇ ಹೇಳಿದ್ದು: "ಯಾರ ಮ್ಯಾಲೂ ಕೈ ಮಾಡಬ್ಯಾಡ ಮಗ." ಆಮೇಲೆ ಅವನು ಕೈ ಎತ್ತಿದ್ದೇ ದಣಿ ಅವನನ್ನು ಫೋರ್‌ಮನ್ ಮಾಡುತ್ತಾನೆ, ಮ್ಯಾನೇಜರು ಊಟಕ್ಕೆ ಕರೆದು ಕುಡಿಸುತ್ತಾನೆ. ಜೊತೆಯವರು ಒಬ್ಬೊಬ್ಬರೇ ಕಾಣೆಯಾಗುತ್ತಿರುವಾಗ ಇವನು ಫೋರ್‌ಮನ್. ಈ ಜಾಗ ಬಂದಾಗ ರೂಮಿನಲ್ಲಿ ಯಾರೂ ಮಾತಾಡುವುದಿಲ್ಲ. ನಾವೆಲ್ಲ ನೌಕರಿಗೆ ಅರ್ಜಿ ಹಾಕಿಕೊಂಡವರೇ.

ಆದರೆ ಭಕ್ತನ ಕೊನೆಯ ಅಸ್ತ್ರ 1972ರ 'ಫಿಸ್ಟ್ ಆಫ್ ಫ್ಯೂರಿ'. ಪರದೇಶದವರ ಕೈಯಲ್ಲಿರುವ ಶಾಂಘೈ. ಗುರು ತೀರಿಕೊಂಡ ಸುದ್ದಿ ಕೇಳಿ ಶಿಷ್ಯ ಚೆನ್ ಝೆನ್ ಓಡಿ ಬರುತ್ತಾನೆ. ಗುರು ಹುವೊ ಯುವಾನ್‌ಜಿಯಾ ನಿಜವಾಗಿ ಇದ್ದವರು, 1910ರಲ್ಲಿ ತೀರಿಕೊಂಡರು. ಶಿಷ್ಯ ಕತೆಗೆ ಕಟ್ಟಿದವನು. ಪಾರ್ಕಿನ ಬಾಗಿಲಲ್ಲಿ ಒಂದು ಬೋರ್ಡು: ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ. ಕಾವಲುಗಾರ ಅವನನ್ನು ತಡೆದು ಬೋರ್ಡು ತೋರಿಸುತ್ತಾನೆ. ಅಷ್ಟರಲ್ಲಿ ಒಬ್ಬ ವಿದೇಶಿ ಹೆಂಗಸು ನಾಯಿ ಹಿಡಿದುಕೊಂಡು ಒಳಗೆ ಹೋಗುತ್ತಾಳೆ. ಒಬ್ಬ ಜಪಾನಿ ಬಂದು, ನಾಯಿಯ ಹಾಗೆ ನಡೆದುಕೊಂಡರೆ ಒಳಗೆ ಬಿಡಿಸುತ್ತೇನೆ ಅನ್ನುತ್ತಾನೆ. ಆಮೇಲೆ ಆಗುವುದು ನಿಮಗೆ ಗೊತ್ತು. ಬೋರ್ಡು ಗಾಳಿಗೆ ಹಾರುತ್ತದೆ, ಬ್ರೂಸ್ ಲೀ ಅದರ ಹಿಂದೆಯೇ ಹಾರುತ್ತಾನೆ, ಒಂದೇ ಒದೆ, ಬೋರ್ಡು ಚೂರು.

"ಈ ಒದೆ ಒಂದು ಸಾಕು ಕಣ್ಲಾ! ನಿನ್ನ ಜಾಕಿ ನೂರು ಪಿಚ್ಚರ್ ಮಾಡ್ಲಿ, ಈ ಬೋರ್ಡು ಒಡದವ್ನಾ?" ಎಂದು ಕೊಳ್ಳೇಗಾಲದವನು ತಟ್ಟೆ ಗುದ್ದಿದ. ಮೊಬೈಲು ಬಿತ್ತು.

ಹುಣಸೂರಿನವನು ಮೊಬೈಲು ಎತ್ತಿಕೊಡುತ್ತಾ ಸಣ್ಣಗೆ ಒಂದು ಮಾತು ಬಿಟ್ಟ. ಆ ಪಿಚ್ಚರಿನ ಕೊನೆಯಲ್ಲಿ ಬ್ರೂಸ್ ಲೀಯ ಒದೆಗೆ ಜಪಾನಿ ದಣಿ ಬಾಗಿಲು ಮುರಿದುಕೊಂಡು ಹೊರಗೆ ಹಾರಿ ಬೀಳುತ್ತಾನಲ್ಲ, ಹಾಗೆ ಬಿದ್ದವನು ಆ ನಟನಲ್ಲ, ಡೂಪು ಹಾಕಿದ ಹದಿನೇಳು ಹದಿನೆಂಟರ ಹುಡುಗ. ಅವನೇ ಜಾಕಿ ಚಾನ್. "ನಿಮ್ಮವ್ನು ಒದ್ದ. ನಮ್ಮವ್ನು ಬಿದ್ದ. ಬಿದ್ದವ್ನ ಹೆಸ್ರು ಯಾರೂ ಕೇಳ್ಳಿಲ್ಲ." ಇದು ನಿಜ. ಈ ಮಾತಿಗೇ ಅವರಿಬ್ಬರೂ ಮೂರು ದಿನ ಮಾತು ಬಿಟ್ಟದ್ದು.

ನಮ್ಮ ಬಾಯಿ ತೆರೆಸಿದ್ದು ಇದಲ್ಲ. ಮೂಲೆಯಲ್ಲಿ ಇತಿಹಾಸದ ಎಂಎ ವಿದ್ಯಾರ್ಥಿ ಒಬ್ಬ ಮಲಗಿದ್ದ. ಅವನು ಎದ್ದು ಕೂತು ಕನ್ನಡಕ ಹಾಕಿಕೊಂಡು, "ಆ ಬೋರ್ಡು ಹಂಗೆ ಇರ್ಲಿಲ್ಲ" ಅಂದ. ಶಾಂಘೈಯ ಹುವಾಂಗ್‌ಪು ಪಾರ್ಕಿನ ಬಾಗಿಲಲ್ಲಿ ಇದ್ದದ್ದು ನಿಯಮಗಳ ಪಟ್ಟಿ. 1917ರ ಪಟ್ಟಿಯಲ್ಲಿ ಮೊದಲನೇ ನಿಯಮ, ಉದ್ಯಾನ ವಿದೇಶಿ ಸಮುದಾಯಕ್ಕೆ ಮೀಸಲು. ಬೇರೊಂದು ನಿಯಮ, ನಾಯಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಜನರ ಬಾಯಲ್ಲಿ ಎರಡೂ ಸೇರಿ ಒಂದಾದವು. ಪಾರ್ಕು ಚೀನೀಯರಿಗೆ ತೆರೆದದ್ದು 1928ರಲ್ಲಿ, ಅದೂ ಟಿಕೆಟ್ಟು ಇಟ್ಟು.

ಕೊಳ್ಳೇಗಾಲದವನಿಗೆ ಸಿಟ್ಟು ಬಂತು. "ಬೇರೆ ಬೇರೆ ಬರ್ದಿದ್ರೆ ಮರ್ವಾದೆ ಉಳೀತಾ?" ಅಂದ. ಇತಿಹಾಸದವನೂ ಬಿಡಲಿಲ್ಲ. "ನಾನೇನು ಅವರ ಪರ ಮಾತಾಡ್ತಿದೀನಾ? ಕೇಳು. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಅಂತ ಠರಾವು ಮಾಡ್ತು. 1924ರಲ್ಲಿ ಮಹಾಡದ ಪುರಸಭೆನೂ ಒಪ್ಕೊಂಡ್ತು. ಬೋರ್ಡೂ ಇಲ್ಲ, ನಿಯಮಾನೂ ಇಲ್ಲ. ಕಾಗದದ ಮೇಲೆ ಕೆರೆ ತೆರೆದಿತ್ತು. ದನ ಎಮ್ಮೆ ಕುಡೀತಿದ್ವು. ನಮ್ಮವರು ಮುಟ್ಟೋಕೆ 1927ರ ಮಾರ್ಚ್ 20 ಬರಬೇಕಾಯ್ತು. ಒಡೆಯೋಕೆ ಬೋರ್ಡಿದ್ದೋರೇ ಪುಣ್ಯವಂತರು."

ಆಗಲೇ ನಮ್ಮಲ್ಲೊಬ್ಬರ ಬಾಯಿಂದ ಬಂತು: "ನಮ್ಮೂರ ಹೋಟ್ಲಲ್ಲೂ ಬೋರ್ಡಿರ್ಲಿಲ್ಲ."

ರೂಮಿನವರೆಲ್ಲ ತಿರುಗಿ ನೋಡಿದರು. ಹೇಳದೆ ಬೇರೆ ದಾರಿಯಿರಲಿಲ್ಲ.

2018ರ ಆಗಸ್ಟು. ನಾವು ಮೂವರಲ್ಲ, ನಾಲ್ವರು. ಪಿಯುಸಿ ಓದುತ್ತಿದ್ದೆವು. ಊರ ಬಸ್‌ಸ್ಟಾಪಿನ ಹತ್ತಿರ ಒಂದು ಹೋಟ್ಲು. ಒಳಗೆ ಬೆಂಚು, ಸ್ಟೀಲ್ ಲೋಟ. ಹೊರಗೆ ಕಲ್ಲುಚಪ್ಪಡಿ, ಅಲ್ಲಿ ನಮಗೆ ಪ್ಲಾಸ್ಟಿಕ್ ಲೋಟ. ಅಪ್ಪಂದಿರ ಕಾಲಕ್ಕೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿದ ಗಾಜಿನ ಲೋಟವಿತ್ತಂತೆ. ತಾವೇ ತೊಳೆದು ತಾವೇ ಸಿಕ್ಕಿಸಬೇಕು. ಪ್ಲಾಸ್ಟಿಕ್ ಬಂದ ಮೇಲೆ ತೊಳೆಯುವ ಕೆಲಸ ತಪ್ಪಿತು, ಕುಡಿದು ಎಸೆದರಾಯಿತು. ನಾಗರಿಕತೆ ಯಾವಾಗಲೂ ಊರಿಗೆ ಮೊದಲು ಬಂದು ಕೇರಿಗೆ ಆಮೇಲೆ ಬರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಕೇರಿಗೇ ಮೊದಲು ಬಂತು.

ಹಿಂದಿನ ರಾತ್ರಿ ನಾಲ್ವರೂ ಶಾಲೆಯ ಜಗಲಿಯ ಮೇಲೆ ಕೂತು 'ಫಿಸ್ಟ್ ಆಫ್ ಫ್ಯೂರಿ' ನೋಡಿದ್ದೆವು, ಒಂದೇ ಫೋನಿನಲ್ಲಿ. ಬೋರ್ಡು ಒಡೆದಾಗ ಎದ್ದು ನಿಂತು ಕೂಗಿದ್ದೆವು. ಅವತ್ತೇ ಮಾತಾಯಿತು: ಬೆಳಿಗ್ಗೆ ನಾಲ್ವರೂ ಒಳಗೆ ಹೋಗೋದು, ಬೆಂಚಿನ ಮೇಲೆ ಕೂರೋದು, ಸ್ಟೀಲ್ ಲೋಟದಲ್ಲಿ ಟೀ ಕೇಳೋದು. ಆಣೆ ಇಟ್ಟದ್ದೂ ಆಯಿತು.

ಬೆಳಿಗ್ಗೆ ಏಳಕ್ಕೆ ಹೋದೆವು. ಒಳಗೆ ಊರಿನ ಯಜಮಾನರು ನಾಲ್ಕೈದು ಜನ ಪೇಪರು ಓದುತ್ತಿದ್ದರು. ಅವರಲ್ಲೊಬ್ಬರ ಗದ್ದೆಗೆ ನಮ್ಮವ್ವಂದಿರು ಅವತ್ತೇ ನಾಟಿಗೆ ಹೋಗಬೇಕಿತ್ತು. ಚಪ್ಪಡಿಯ ತನಕ ನಾಲ್ವರೂ ಒಟ್ಟಿಗೆ ನಡೆದೆವು. ಹೊಸ್ತಿಲು ದಾಟಿದವನು ಒಬ್ಬ. ನಾವು ಮೂವರು ಚಪ್ಪಡಿಯ ಹತ್ತಿರವೇ ನಿಂತುಬಿಟ್ಟೆವು. ಕಾಲು ಯಾಕೆ ನಿಂತಿತು ಎಂದು ಈಗಲೂ ಬಿಡಿಸಿ ಹೇಳಲು ಬರುವುದಿಲ್ಲ. ಅವನು ಒಳಗಿನಿಂದ ಒಮ್ಮೆ ತಿರುಗಿ ನೋಡಿದ.

ಹೊಡೆದಾಟವೇನೂ ಆಗಲಿಲ್ಲ. ಇದನ್ನು ಕೇಳಿ ರೂಮಿನಲ್ಲಿ ಎಲ್ಲರಿಗೂ ಆಶ್ಚರ್ಯ. ಹೋಟ್ಲಿನವರು ಗದರಲಿಲ್ಲ. ನಗುನಗುತ್ತಲೇ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟರು. ಪೇಪರು ಓದುತ್ತಿದ್ದವರು ಪೇಪರು ಮಡಿಸಿಟ್ಟು ಒಬ್ಬೊಬ್ಬರಾಗಿ ಎದ್ದು ಹೋದರು. ಪಿಚ್ಚರಿನಲ್ಲಾದರೆ ವೈರಿಗಳು ಸುತ್ತುವರಿದು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ, ಇವನು ಒಬ್ಬೊಬ್ಬರನ್ನೇ ಕೆಡವುತ್ತಾನೆ. ಇಲ್ಲಿ ಒಬ್ಬೊಬ್ಬರಾಗಿ ಹಿಂದೆ ಹೋದರು. ಖಾಲಿ ಬೆಂಚಿನ ಮೇಲೆ ಕೂತು ಅವನು ಟೀ ಕುಡಿದ.

ಮಧ್ಯಾಹ್ನದ ಹೊತ್ತಿಗೆ ಅವರಪ್ಪನಿಗೆ ಬುಲಾವ್ ಬಂತು. ಆ ಲೋಟ ಇನ್ನು ಹೋಟ್ಲಿಗೆ ಆಗುವುದಿಲ್ಲ, ಅದರ ದುಡ್ಡು ಕೊಟ್ಟು ತಗೊಂಡು ಹೋಗು ಅಂದರು. ನಲವತ್ತು ರೂಪಾಯಿ. ಅವರಪ್ಪ "ಆಯ್ತು ಬುದ್ಧಿ" ಎಂದು ಕೊಟ್ಟು ಲೋಟ ತಂದರು. ಮಾರನೇ ದಿನದಿಂದ ನಮ್ಮ ಕೇರಿಯ ಹೆಂಗಸರನ್ನು ಯಾರೂ ನಾಟಿಗೆ ಕರೆಯಲಿಲ್ಲ. ಬೇರೆ ಊರಿಂದ ಗೂಡ್ಸ್ ಆಟೋದಲ್ಲಿ ಆಳು ಬಂದವು. ಅಂಗಡಿಯಲ್ಲಿ ಉದ್ದರಿ ನಿಂತಿತು. ಐದು ವಾರ. ನಾಟಿ ಕಾಲದ ಐದು ವಾರ ಎಂದರೆ ಏನೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ಒದೆಯಬೇಕೆಂದರೆ ಯಾರನ್ನು ಒದೆಯುವುದು? ಗಾಳಿಯನ್ನೇ?

ಹೀಗೆ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ. 2015ರ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡನ್ನೂ ಹೆಸರಿಟ್ಟು ಸೇರಿಸಿದ್ದಾರೆ. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಎರಡೂವರೆ ವರ್ಷದ ಹಿಂದೆಯೇ ಬಂದ ಕಾನೂನು ನಮಗೆ ಗೊತ್ತಿರಲಿಲ್ಲ. ಕುಂಗ್‌ಫೂ ಗೊತ್ತಿತ್ತು. ಇದನ್ನು ಓದುತ್ತಿರುವ ಮೇಷ್ಟ್ರುಗಳು ದಯವಿಟ್ಟು ನಿಮ್ಮ ಶಾಲೆಯ ಹುಡುಗರಿಗೆ ಹೇಳಿ.

ಆರನೇ ವಾರ ನಮ್ಮ ಕೇರಿಯ ಯಜಮಾನರೇ ಕೂತು ತೀರ್ಮಾನ ಮಾಡಿದರು. ಹುಡುಗ ತಪ್ಪಾಯ್ತು ಅನ್ನಬೇಕು. ಅವನು ಒಪ್ಪಲಿಲ್ಲ. ಒಪ್ಪಿಸಲು ಕಳಿಸಿದ್ದು ನಮ್ಮನ್ನು, ಜೊತೆಗಾರರು ಅಂತ. ಹೋದೆವು. "ಒಂದು ಮಾತು ಅಂದ್ಬುಡ್ಲಾ, ಹೋಗದೇನು" ಅಂದೆವು. ಅವನು ನಮ್ಮ ಮೂರು ಮುಖಗಳನ್ನೂ ನೋಡಿ ಏನೂ ಅನ್ನಲಿಲ್ಲ. ಮಾರನೇ ಬೆಳಿಗ್ಗೆ ತಪ್ಪಾಯ್ತು ಅಂದ. ಅವತ್ತೇ ರಾತ್ರಿ ಬೆಂಗಳೂರಿನ ಬಸ್ಸು ಹತ್ತಿದ. ಪಿಯುಸಿ ಅರ್ಧಕ್ಕೇ ನಿಂತಿತು. ನಾವು ಓದಿದೆವು, ಇಲ್ಲಿ ತನಕ ಬಂದೆವು.

ಕತೆ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊಳ್ಳೇಗಾಲದವನು ಮೊಬೈಲನ್ನು ಮತ್ತೆ ತಟ್ಟೆಗೆ ಒರಗಿಸಿ ಆ ಪಾರ್ಕಿನ ದೃಶ್ಯವನ್ನೇ ಹಾಕಿದ. ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಅವತ್ತು ಅದರಲ್ಲಿ ಬೇರೆ ಇಬ್ಬರು ಕಂಡರು. ಇಬ್ಬರು ಎಂದರೆ ಒಬ್ಬ ಮತ್ತು ಒಂದು ಗುಂಪು.

ಒಬ್ಬ, ಬಾಗಿಲ ಕಾವಲುಗಾರ. ಅವನ ತಲೆಗೆ ಪೇಟ ಇದೆ. ಸಿಖ್ಖನು. ಶಾಂಘೈಯ ಪೊಲೀಸಿನಲ್ಲಿ ಬ್ರಿಟಿಷರು ಸಿಖ್ಖರ ಒಂದು ದಳವನ್ನೇ ಇಟ್ಟಿದ್ದರು ಎಂದು ಇತಿಹಾಸದವನು ಹೇಳಿದ. ಅಂದರೆ ಬೋರ್ಡು ಹಾಕಿದವರು ಬಂಗಲೆಯಲ್ಲಿ ಇರುತ್ತಾರೆ, ಬೋರ್ಡು ತೋರಿಸಲು ನಮ್ಮ ದೇಶದಿಂದ ಒಬ್ಬ ಗುಲಾಮನನ್ನು ಹಡಗು ಹತ್ತಿಸಿ ಕರೆಸಿಕೊಳ್ಳುತ್ತಾರೆ. ಅವನ ಮನೆಯಲ್ಲೂ ಒಬ್ಬ ತಾಯಿ ಇದ್ದಿರಬೇಕು, ಸಂಬಳಕ್ಕೆ ಕಾಯುತ್ತಾ. ನಮ್ಮ ಕೇರಿಯ ಯಜಮಾನರ ನೆನಪಾಯಿತು. ಅವರ ಮಾತು ಹೊತ್ತುಕೊಂಡು ಹೋದ ಮೂವರ ನೆನಪೂ ಆಯಿತು.

ಗುಂಪು ಎಂದರೆ ಸುತ್ತ ನಿಂತು ನೋಡುತ್ತಿದ್ದ ಜನ. ಬೋರ್ಡು ಒಡೆದ ಮೇಲೆ ಪೊಲೀಸರು ಬರುವಷ್ಟರಲ್ಲಿ ಆ ಜನವೇ ಚೆನ್ ಝೆನ್‌ನನ್ನು ಅಲ್ಲಿಂದ ದಾಟಿಸಿಬಿಡುತ್ತಾರೆ. ಕೆಲವೇ ಸೆಕೆಂಡು. ಅವರಲ್ಲಿ ಯಾರಿಗೂ ಹೆಸರಿಲ್ಲ, ಯಾರಿಗೂ ಕುಂಗ್‌ಫೂ ಬರುವುದಿಲ್ಲ. ಅಭಿಮಾನಿಗಳ ಯಾವ ಜಗಳದಲ್ಲೂ ಅವರ ಮಾತು ಬಂದದ್ದನ್ನು ನಾವು ಕೇಳಿಲ್ಲ. ಮಹಾಡದಲ್ಲೂ ಬಾಬಾಸಾಹೇಬರು ಒಬ್ಬರೇ ಕೆರೆಗೆ ಇಳಿದದ್ದಲ್ಲ, ಸಾವಿರಾರು ಜನ ಜೊತೆಗೆ ನಡೆದರು, ಆಮೇಲೆ ಏಟನ್ನೂ ತಿಂದರು.

"ಇದನ್ನ ಅವನ್ಗೆ ತೋರಿಸಿದೀರಾ?" ಎಂದು ಹುಣಸೂರಿನವನು ಕೇಳಿದ.

ತೋರಿಸಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಅವರ ಮನೆಗೆ ಹೋಗುತ್ತೇವೆ. ಅವರವ್ವ ನೀರು ಕೊಡುವುದು ಅದೇ ಸ್ಟೀಲ್ ಲೋಟದಲ್ಲಿ. ಬೇಕೆಂದು ಕೊಡುವುದಲ್ಲ, ಮನೆಯಲ್ಲಿ ಚೆನ್ನಾಗಿರುವ ಲೋಟ ಅದೊಂದೇ. ಅವನು ಬಂದಿದ್ದರೆ ಮಳೆ ಬೆಳೆ ಮಾತಾಡುತ್ತೇವೆ. ಆ ಮಾತು ಯಾರೂ ಎತ್ತುವುದಿಲ್ಲ.

ಜಗಳವಾದ ನಾಲ್ಕನೇ ದಿನ, ಇವರಿಬ್ಬರೂ ಮಾತಾಡಲು ಶುರುಮಾಡಿದ ಮೇಲೆ, ಫೋನು ಮಾಡಿದೆವು. ಅವನು ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುವ ಕೆಲಸದಲ್ಲಿದ್ದಾನೆ, ರಾತ್ರಿ ಹನ್ನೊಂದರ ಮೇಲೆ ಸಿಗುತ್ತಾನೆ. ಸ್ಪೀಕರಿಗೆ ಹಾಕಿ ತಟ್ಟೆಯ ಮುಂದೆ ಇಟ್ಟೆವು. ಅವತ್ತು ಚಪ್ಪಡಿ ಹತ್ರ ನಿಂತದ್ದು ನಮ್ಮದು ತಪ್ಪು, ಆಮೇಲೆ ನಿನ್ನನ್ನ ಒಪ್ಪಿಸೋಕೆ ಬಂದದ್ದು ಇನ್ನೂ ದೊಡ್ಡ ತಪ್ಪು ಅಂದೆವು. ಆ ಕಡೆ ಬಹಳ ಹೊತ್ತು ಗಾಡಿಗಳ ಶಬ್ದ ಮಾತ್ರ ಕೇಳಿಸಿತು.

"ಟೀ ಚೆನ್ನಾಗೇನೂ ಇರ್ಲಿಲ್ಲ ಬುಡ್ರಲಾ" ಅಂದ.

ಕೊಳ್ಳೇಗಾಲದವನಿಗೆ ತಡೆಯಲಾಗಲಿಲ್ಲ. ಮಧ್ಯೆ ಬಾಯಿ ಹಾಕಿ, "ಅಣ್ಣ, ನೀವು ಬ್ರೂಸ್ ಲೀ ಪಾರ್ಟಿ ತಾನೆ?" ಎಂದು ಕೇಳಿಯೇಬಿಟ್ಟ.

"ಇಲ್ಲ ಕಣಪ್ಪ, ನಂಗೆ ಜಾಕಿ ಚಾನೇ ಸರಿ" ಅಂದ ಅವನು. "ಬ್ರೂಸ್ ಲೀ ಕೊನೇಲಿ ಕೋವಿ ಮುಂದೆ ಹಾರ್ತಾನೆ, ಪಿಚ್ಚರು ಅಲ್ಲೇ ನಿಂತೋಯ್ತದೆ. ಆಮ್ಯಾಲೆ ಏನಾಯ್ತು ಅಂತ ಯಾರೂ ಹೇಳಲ್ಲ. ಜಾಕಿದು ಹಂಗಲ್ಲ. ಬಿದ್ದ ಮ್ಯಾಲೆ ಜೊತೆಯವ್ರೆಲ್ಲ ಓಡೋಡಿ ಬಂದು ಎತ್ಕತ್ತಾರೆ ನೋಡು, ಅದನ್ನ ನೋಡೋಕೇ ನಾನು ಕೊನೆತನ್ಕ ಕೂತಿರ್ತೀನಿ."

ಆರ್ಡರ್ ಬಂತು, ಆಮೇಲೆ ಮಾಡ್ತೀನಿ ಎಂದು ಫೋನು ಇಟ್ಟ.